ಎರಡು ಕೋಣೆಗೆ ಒಂದೇ ಬೀಗ

ನನ್ನ ಗಂಡನ ಮುಖ ಕಾಣುವ ಫೋಟೋ ನನ್ನ ಹತ್ತಿರ ಇಲ್ಲ. ಆಧಾರ್ ಕಾರ್ಡಿನ ಮೇಲೆ ಒಂದಿದೆ, ಆದರೆ ಅದರಲ್ಲಿರುವವರು ಬೇರೆ ಯಾರೋ. ಸಂಬಂಧಿಕರ ಮದುವೆಯೊಂದರಲ್ಲಿ ಯಾರೋ ತೆಗೆದದ್ದರಲ್ಲಿ ಬಿರ್ಯಾನಿ ತಾಟಿನ ಮುಂದೆ ಬಗ್ಗಿ ಕೂತ ಅವರ ಬೆನ್ನಿದೆ. ಹದಿನಾಲ್ಕು ವರ್ಷ ಸಂಸಾರ ಮಾಡಿದವಳಿಗೆ ಉಳಿದದ್ದು ಇಷ್ಟೇ. ಇದನ್ನು ಹೇಳಿದರೆ ಜನ ಅಯ್ಯೋ ಅನ್ನುತ್ತಾರೆ. ಅಯ್ಯೋ ಅಂದು ಚಹಾ ಕುಡಿದು ಎದ್ದು ಹೋಗುತ್ತಾರೆ. ಫೋಟೋಗಳು ಹೇಗೆ ಹೋದವು ಅಂತ ಕುಳಿತು ಕೇಳಿದವರು ಒಬ್ಬರೂ ಇಲ್ಲ. ಕೇಳದಿದ್ದರೆ ಬಿಡಲಿ. ಬರೆಯುವಷ್ಟು ಸಾಲಿ ನಾನು ಕಲಿತಿದ್ದೇನೆ.

ಹುಬ್ಬಳ್ಳಿ ಬದಿಯ ಉಣಕಲ್ಲಿನಲ್ಲಿ ನಮ್ಮವರು ಮತ್ತು ಅವರ ತಮ್ಮ ಕೂಡಿ ಮೋಟಾರು ರಿವೈಂಡಿಂಗ್ ಅಂಗಡಿ ನಡೆಸುತ್ತಿದ್ದರು. ಸುಟ್ಟ ಪಂಪ್‌ಸೆಟ್ಟು ಬಂದರೆ ಹಳೆಯ ತಾಮ್ರದ ತಂತಿಯನ್ನು ಕಡಿದು ತೆಗೆದು ಹೊಸದನ್ನು ಸುತ್ತಬೇಕು. ಕಡಿಯುವ ಮೊದಲು, ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ನಮ್ಮವರು ಫೋನಿನಲ್ಲಿ ನಾಲ್ಕು ಫೋಟೋ ಹೊಡೆದುಕೊಳ್ಳುತ್ತಿದ್ದರು. ತಮ್ಮನಿಗೆ ಆ ಶಿಸ್ತು ಇರಲಿಲ್ಲ. ನೆನಪಿನ ಮೇಲೆ ಸುತ್ತುವವನು ಅವನು. ಎರಡು ಸಲ ಮೋಟಾರು ಉಲ್ಟಾ ತಿರುಗಿ ರೈತರ ಕಡೆಯಿಂದ ಬೈಸಿಕೊಂಡ ಮೇಲೆ ಅವನೂ ಅಣ್ಣನ ಫೋಟೋ ನೋಡಿಯೇ ಕೆಲಸ ಮಾಡತೊಡಗಿದ.

ಅದೇ ಫೋನಿನಲ್ಲಿ ಮನೆಯ ಫೋಟೋಗಳೂ ಇರುತ್ತಿದ್ದವು. ಹುಬ್ಬಳ್ಳಿಯಲ್ಲಿ ಒಂದು ಸ್ಟುಡಿಯೋ ಮುಚ್ಚಿದಾಗ ಅಲ್ಲಿಯ ಕಂಪ್ಯೂಟರನ್ನು ನಮ್ಮವರು ತಂದರು. ಫೋಟೋ ಇಡುವ ಸಾಫ್ಟ್‌ವೇರು ಅದರಲ್ಲಿ ಮೊದಲೇ ಇತ್ತು. ದಿನಾ ಸಂಜೆ ಅಂಗಡಿಯಿಂದ ಬಂದು ಕೈ ತೊಳೆದು, ಫೋನಿನ ಫೋಟೋಗಳನ್ನೆಲ್ಲ ಅದಕ್ಕೆ ಸುರಿದು ಫೋನು ಖಾಲಿ ಮಾಡುತ್ತಿದ್ದರು. ನೆಟ್ಟಿನಲ್ಲಿ ಹಾಕಿಡುವುದು ಅವರಿಗೆ ಸೇರುತ್ತಿರಲಿಲ್ಲ. "ನಮ್ಮ ಮನಿ ಮಂದಿ ನಮ್ಮ ಮನ್ಯಾಗ ಇರ್ಲಿ" ಅನ್ನುತ್ತಿದ್ದರು. ಹಾಗೆ ಒಂದು ಪಂಪಿನ ಹೊಟ್ಟೆ, ಅದರ ಪಕ್ಕದಲ್ಲಿ ಈದಿನ ಹೊಸ ಅಂಗಿ ಹಾಕಿಕೊಂಡ ಅವರು, ಮತ್ತೆ ಎರಡು ಪಂಪು, ಹೀಗೆ ಸಾವಿರಾರು.

ಪ್ರಿಂಟು ಹಾಕಿಸಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಅತ್ತೆ ಬಿಡಲಿಲ್ಲ. ಮುಖದ ಚಿತ್ರ ಇರುವ ಮನೆಗೆ ಫರಿಶ್ತೆಗಳು, ಅಂದರೆ ದೇವದೂತರು, ಬರುವುದಿಲ್ಲ ಅಂತ ಅವರ ನಂಬಿಕೆ. ನಮ್ಮ ನಿಕಾಹಕ್ಕೂ ಫೋಟೋದವನನ್ನು ಕರೆಸಿರಲಿಲ್ಲ. ಕಂಪ್ಯೂಟರಿನ ಒಳಗೆ ಇದ್ದರೆ ಗೋಡೆಯ ಮೇಲೆ ಇದ್ದಂತಲ್ಲ ಎಂದು ನಮ್ಮವರು ವಾದ ಮಾಡಿ ಒಪ್ಪಿಸಿದ್ದರು.

ನನಗೆ ಆ ಸಾಫ್ಟ್‌ವೇರು ಕಲಿಸಿದವರೂ ಅವರೇ. ರೈತರ ಊರಿಗೊಂದು ಆಲ್ಬಮ್ ಮಾಡಿದ್ದರು, ಮೋಟಾರಿನ ತಾಕತ್ತಿಗೊಂದು ಮಾಡಿದ್ದರು, ನಮ್ಮದಕ್ಕೆ 'ಮನಿ' ಅಂತ ಹೆಸರಿಟ್ಟಿದ್ದರು. ಒಂದೇ ಮೋಟಾರು ಎರಡು ಮೂರು ಕಡೆ ಕಂಡು ನಾನು ಗೊಂದಲ ಮಾಡಿಕೊಂಡೆ.

"ಆಲ್ಬಮ್ ಅಂದ್ರ ಪೆಟ್ಟಿಗಿ ಅಲ್ಲ. ಫೋಟೋ ಇರೂದು ಮ್ಯಾಲಿನ ಪಟ್ಟ್ಯಾಗ, ಒಂದ ಕಡೆ. ಆಲ್ಬಮ್‌ನ್ಯಾಗ ಅದನ್ನ ಕರದು ತೋರಸ್ತಾರ ಅಷ್ಟ."

"ಮತ್ತ ಮೂರ ಕಡೆ ಕಾಣಾಕತ್ತೈತಲ್ರಿ?"

"ನಾ ನಿನಗ ಗಂಡ. ಅಮ್ಮಗ ಮಗ. ನನ್ನ ತಮ್ಮಗ ಅಣ್ಣ. ರೇಷನ್ ಅಂಗಡ್ಯಾವಗ ತಕರಾರು ಗಿರಾಕಿ. ನಾಕ್ ಮಂದಿ ಏನು ನಾನು?"

"ಒಬ್ಬರನ್ನ ಸಂಭಾಳಸೂದ ಸಾಕಾಗೇತಿ ನನಗ."

"ಹಂಗಾರ ತಿಳೀತು. ಆಲ್ಬಮ್ ಒಳಗಿಂದ ತಗದ್ರ ಆ ಆಲ್ಬಮ್‌ಗಷ್ಟ ಇಲ್ಲ. ಮ್ಯಾಲಿನ ಪಟ್ಟ್ಯಾಗಿಂದ ಅಳಿಸಿದ್ರ ಎಲ್ಲಾ ಕಡೇನೂ ಹೋತು."

ಹತ್ತನೇ ತರಗತಿ ಪಾಸಾದ ನನಗೆ ಅದು ಒಂದೇ ಸಲಕ್ಕೆ ತಿಳಿಯಿತು. ಐ.ಟಿ.ಐ. ಮಾಡಿದ ನನ್ನ ಮೈದುನನಿಗೆ ಯಾಕೆ ತಿಳಿಯಲಿಲ್ಲ ಅಂತ ನಾನು ಇವತ್ತಿಗೂ ಹಲ್ಲು ಕಡಿಯುತ್ತೇನೆ.

ಫೋಟೋಗಳನ್ನು ಮುಚ್ಚಿಡುವುದು ಶುರುವಾದದ್ದೂ ಇದೇ ಮೈದುನನ ದೆಸೆಯಿಂದ. ಒಂದು ದಿನ ಅವನು ಒಬ್ಬ ಗಿರಾಕಿಯನ್ನು ಮನೆಗೇ ಕರೆದುಕೊಂಡು ಬಂದು, ಅವನ ಮೋಟಾರಿನ ಫೋಟೋ ಹುಡುಕುತ್ತ ಪಟ್ಟಿಯನ್ನು ಸರಿಸುತ್ತ ಹೋದ. ನಾನು ರೊಟ್ಟಿ ಬಡಿಯುವ ಫೋಟೋ ಬಂತು. ಸೆರಗು ಎಲ್ಲೋ, ಕೂದಲು ಎಲ್ಲೋ, ಹಣೆಯ ಮೇಲೆ ಹಿಟ್ಟು. ಮೈದುನ ಅಲ್ಲಿಯೇ ನಿಲ್ಲಿಸಿ, "ನೋಡ್ರಿ, ನಮ್ಮ ಭಾಬಿ ಕುಸ್ತಿ ಹಿಡ್ಯಾಕ ನಿಂತಾರ" ಅಂದ. ಗಿರಾಕಿ ನಕ್ಕ. ನಾನು ಒಳಗಿನಿಂದ ಕೇಳಿಸಿಕೊಂಡೆ. ಅವನು ಕೆಟ್ಟವನಲ್ಲ ಅಂತ ಎಲ್ಲರೂ ಹೇಳುತ್ತಾರೆ. ಇನ್ನೊಬ್ಬರ ಫೋನು ಕೈಗೆ ಸಿಕ್ಕರೆ ಕೇಳದೆ ಸರಿಸಿ ನೋಡುವವನನ್ನು ಏನೆನ್ನಬೇಕೋ ನನಗೆ ಗೊತ್ತಿಲ್ಲ.

ನಮ್ಮವರು ತಮ್ಮನಿಗೆ ಏನೂ ಅನ್ನಲಿಲ್ಲ. ಅನ್ನಬೇಕಾಗಿತ್ತು. ಅದರ ಬದಲು ಆ ಸಂಜೆ ಕೂತು ನನ್ನ ಅಂಥ ಫೋಟೋಗಳನ್ನೆಲ್ಲ ಹೆಕ್ಕಿ 'ಮುಚ್ಚಿಡು' ಅನ್ನುವುದನ್ನು ಒತ್ತಿದರು. ಒಂದೊಂದಾಗಿ ಪಟ್ಟಿಯಿಂದ ಮಾಯವಾದವು.

"ಎಲ್ಲೂ ಹೋಗಿಲ್ಲ. ಕಾಣಂಗಿಲ್ಲ, ಅಷ್ಟ. ಬೀಗ ಹಾಕೇನಿ."

"ಕಾಣಲಾರದ್ದನ್ನ ಇಟಗೊಂಡು ಏನ್ ಮಾಡ್ತೀರಿ?"

"ನಾ ನೋಡ್ತೇನಲಾ."

ಪಾಸ್‌ವರ್ಡನ್ನು ನನ್ನ ಕೈಯಿಂದಲೇ ಹಾಕಿಸಿದರು. ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಅಲ್ಲಿಂದ ಮುಂದೆ ಮಾಳಿಗೆಯ ಮೇಲೆ ಕೂದಲು ಒಣಗಿಸುವಾಗ, ಉಣಕಲ್ ಕೆರೆಯ ದಂಡೆಯಲ್ಲಿ ಗಾಳಿಗೆ ದುಪಟ್ಟಾ ಹಾರಿ ನಾನು ಹಿಡಿಯಲು ಓಡುವಾಗ, ಅವರು ಹೊಡೆದದ್ದೆಲ್ಲ ಆ ಬೀಗದ ಒಳಗೆ ಹೋಯಿತು. ಅವರ ಫೋಟೋಗಳನ್ನು ನಾನು ಹೊಡೆಯುತ್ತಿದ್ದೆ. ಅವು ಹೊರಗೆ, ಪಂಪುಗಳ ಮಧ್ಯೆ ಉಳಿದವು. ಗಂಡಸಿನ ಮುಖವನ್ನು ಯಾಕೆ ಮುಚ್ಚಿಡಬೇಕು ಅಂತ ನಮ್ಮಿಬ್ಬರಿಗೂ ಅನ್ನಿಸಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕೂತರು. ಆಟೋದಲ್ಲಿ ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ನಮ್ಮಲ್ಲಿ ಗಂಡ ತೀರಿಕೊಂಡವಳು ಇದ್ದತ್ ಕೂರಬೇಕು. ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಹೊರಗಿನ ಗಂಡಸರ ಎದುರು ಬರುವಂತಿಲ್ಲ, ಅವರಲ್ಲಿ ಮೈದುನನೂ ಸೇರಿದ. ಒಳಕೋಣೆಗೆ ಒಂದು ಪರದೆ ಕಟ್ಟಿದರು. ಅವನು ಅದರ ಆಚೆ ನಿಂತು ಮಾತಾಡಬೇಕು, ನಾನು ಈಚೆ ಕೂತು ಆದಷ್ಟು ಕಡಿಮೆ ಉತ್ತರ ಕೊಡಬೇಕು. ಇದ್ದತ್ತಿನ ಬಗ್ಗೆ ನನಗೆ ಸಿಟ್ಟಿಲ್ಲ. ಆ ನಾಲ್ಕು ತಿಂಗಳು ನಾನು ಯಾರಿಗೂ ಮುಖ ತೋರಿಸಬೇಕಾಗಿರಲಿಲ್ಲ, ಅದೊಂದು ಉಪಕಾರವೇ. ಅದರ ಹೆಸರು ಹೇಳಿ ಬಾಯಿ ಮುಚ್ಚಿಸಿದವರ ಮೇಲೆ ಸಿಟ್ಟು.

ನಾಲ್ಕನೇ ದಿನ ಮೈದುನ ಕಂಪ್ಯೂಟರನ್ನು ಅಂಗಡಿಗೆ ಒಯ್ದ. ಮೂರು ಮೋಟಾರು ಬಿಚ್ಚಿದ ಹಾಗೇ ಬಿದ್ದಿದ್ದವು, ರೈತರು ನೀರಿಗಾಗಿ ಕಾಯುತ್ತಿದ್ದರು, ಅವುಗಳ ಫೋಟೋ ಬೇಕಿತ್ತು. ನಾನೇ ಒಯ್ಯಿರಿ ಅಂದೆ.

ಹದಿನೆಂಟನೇ ದಿನ ನಾನು ಹುಣಸೆಹಣ್ಣು ಬಿಡಿಸುತ್ತ ಕೂತಿದ್ದೆ. ಪರದೆಯ ಆಚೆ ಅವನ ಧ್ವನಿ ಬಂತು. ಬಹಳ ದಿನದ ಮೇಲೆ ಒಂದು ಒಳ್ಳೆಯ ಕೆಲಸ ಮಾಡಿದವನ ಧ್ವನಿ ಅದು.

"ಭಾಬಿ, ಕಂಪ್ಯೂಟರ್ ಹೊಟ್ಟಿ ಉಬ್ಬಿ ಕುಂತಿತ್ತರಿ. ಹೊಸ ಫೋಟೋ ಒಂದೂ ಒಳಗ ತೊಗೊಳ್ಳವಲ್ದು. ನೋಡ್ತೇನಿ, ಭೈಯಾ ಒಂದೊಂದ ಫೋಟೋ ಎರಡೆರಡು ಕಡೆ ಇಟ್ಟಾನ. ಮ್ಯಾಲಿನ ಪಟ್ಟ್ಯಾಗೂ ಐತಿ, 'ಮನಿ' ಆಲ್ಬಮ್‌ನ್ಯಾಗೂ ಐತಿ. ಮ್ಯಾಲಿನ ಪಟ್ಟ್ಯಾಗಿಂದ ಮನೀವು ಎಲ್ಲಾ ತಗದ ಒಗದೇನಿ. ಹೆಂಗೂ ಆಲ್ಬಮ್‌ನ್ಯಾಗ ಅದಾವಲ್ಲ."

"ಆಲ್ಬಮ್ ತಗದು ನೋಡೀರೇನು?" ಅಂದೆ.

"ಏನ್ ನೋಡೂದೈತ್ರಿ ಅದರಾಗ?"

"ಈಗಿಂದೀಗ ಹೋಗಿ ನೋಡ್ರಿ! ಅಳಸಿದ್ದನ್ನ ವಾಪಸ್ ತರ್ರಿ!"

ಅತ್ತೆ ನನ್ನ ತೋಳು ಹಿಡಿದರು. "ಇದ್ದತ್ ಕುಂತಾಕಿ ಹಿಂಗ ಕೂಗಿದ್ರ ಓಣಿ ಏನಂದೀತು? ಮಣ್ಣು ಇನ್ನಾ ಹಸೀ ಐತಿ, ನಿನಗ ಫೋಟೋದ ಚಿಂತಿ."

"ನಿಮ್ಮ ಮಗನ ಫೋಟೋ ಅಮ್ಮಾ."

"ಮಗನ ಹೋದಾ. ಕಾಗದ ಇಟಗೊಂಡು ಏನ್ ಮಾಡ್ಲಿ?"

ಕಾಗದವೂ ಇರಲಿಲ್ಲ, ಅವರ ಕೃಪೆಯಿಂದಲೇ.

ಅಳಿಸುವ ಮುಂಚೆ ಆ ಸಾಫ್ಟ್‌ವೇರು ಕೇಳುತ್ತದೆ, ಇದು ಎಲ್ಲ ಆಲ್ಬಮ್‌ಗಳಿಂದಲೂ ಹೋಗುತ್ತದೆ, ಆಗಬಹುದೇ ಅಂತ. ಎರಡು ಸಾಲು ಇಂಗ್ಲಿಷು. ಅವನು ಓದದೆ ಹೂಂ ಒತ್ತಿದ್ದಾನೆ. ಮೋಟಾರು ಸುಟ್ಟು ತಂದ ರೈತರಿಗೆ "ಡಬ್ಬಿ ಮ್ಯಾಲೆ ಬರದದ್ದು ಓದಾಕ ಬರಂಗಿಲ್ಲೇನು?" ಅಂತ ಬೈಯುವವನು.

ಮರುದಿನ ಸಂಜೆ ಮತ್ತೆ ಬಂದ. ಧ್ವನಿ ಸ್ವಲ್ಪ ಇಳಿದಿತ್ತು. "ಆಲ್ಬಮ್ ಖಾಲಿ ಅದಾವ್ರಿ ಭಾಬಿ. ಸಾಫ್ಟ್‌ವೇರ್ ಕೆಟ್ಟೈತಿ ಕಾಣಸ್ತೈತಿ." ತಾನು ಕೆಡಿಸಿದೆ ಅನ್ನಲಿಲ್ಲ. "ಅಳಸಿದ್ದು ಮೂವತ್ತ ದಿನ ಒಂದ ಕಡೆ ಕುಂದರ್ತೈತಂತ. ಆದ್ರ ಅದಕ್ಕ ಬೀಗ ಐತಿ, ಪಾಸ್‌ವರ್ಡ್ ಕೇಳ್ತೈತಿ. ಅದರ ಬಾಜೂಕ ಇನ್ನೊಂದೈತಿ, ಮುಚ್ಚಿಟ್ಟದ್ದು ಅಂತ. ಅದಕ್ಕೂ ಬೀಗ." ನಕ್ಕ. "ಏನ್ ಖಜಾನಾ ಇಟ್ಟಾನ್ರಿ ಭೈಯಾ ಅದರಾಗ? ನಿಮಗ ಗೊತ್ತೇನು ಪಾಸ್‌ವರ್ಡು?"

ಎರಡಕ್ಕೂ ಒಂದೇ ಪಾಸ್‌ವರ್ಡು. ಇದು ಆ ಸಾಫ್ಟ್‌ವೇರು ಮಾಡಿದವರ ಬುದ್ಧಿವಂತಿಕೆ. ಅಳಿಸಿದ್ದೂ ಗುಟ್ಟು, ಮುಚ್ಚಿಟ್ಟದ್ದೂ ಗುಟ್ಟು, ಅದಕ್ಕೆ ಒಂದೇ ಬೀಗ ಸಾಕು ಅಂದುಕೊಂಡಿರಬೇಕು. ಗಂಡನ ಮುಖ ಒಂದು ಕೋಣೆಯಲ್ಲಿ, ಹೆಂಡತಿಯ ಬಿಚ್ಚಿದ ಕೂದಲು ಇನ್ನೊಂದರಲ್ಲಿ, ನಡುವೆ ಮೈದುನ ನಿಂತಿದ್ದಾನೆ ಅಂತ ಅವರಿಗೆ ಹೇಗೆ ಹೊಳೆಯಬೇಕು? ಆದರೂ ನಾನು ಅವರನ್ನು ಶಪಿಸಿದ್ದೇನೆ.

ಪಾಸ್‌ವರ್ಡು ಹೇಳಿದರೆ ನಮ್ಮವರು ಮರಳಿ ಬರುತ್ತಾರೆ. ಹೇಳಿದರೆ ಇವನು ಪಕ್ಕದ ಬೀಗವನ್ನೂ ತೆಗೆದು ನೋಡುತ್ತಾನೆ. ನೋಡದೆ ಬಿಡುವ ಜಾತಿ ಅಲ್ಲ ಅವನದು. ನಾನು ಪರದೆಯ ಹಿಂದೆ ಅಂಗೈ ಕೂಡ ಕಾಣದ ಹಾಗೆ ಕೂತಿದ್ದೇನೆ, ಅವನು ಅಂಗಡಿಯಲ್ಲಿ ಕೂತು ನನ್ನ ಕೂದಲು, ಕೊರಳು, ತೋಳು ನೋಡುತ್ತಾನೆ. ಯಾರ ಕಣ್ಣಿಗಾಗಿ ತೆಗೆಸಿಕೊಂಡಿದ್ದೆನೋ ಅವರಿಲ್ಲ.

"ಗೊತ್ತಿಲ್ಲ" ಅಂದೆ.

"ನೆನಪ ಮಾಡ್ಕೊಳ್ರಿ."

"ಗೊತ್ತಿಲ್ಲ ಅಂದೆನಲಾ. ಕಂಪ್ಯೂಟರ್ ಮನಿಗೆ ತರ್ರಿ, ನೋಡ್ತೇನಿ."

"ಗೊತ್ತಿಲ್ಲ ಅಂದ ಮ್ಯಾಲೆ ತಂದು ಏನ್ ನೋಡ್ತೀರಿ? ಬ್ಯಾಸಗಿ ಸೀಜನ್ರಿ, ದಿನಕ್ಕ ಎಂಟ ಮೋಟಾರ್ ಬರಾಕತ್ತಾವ. ನಾಳೆ ನೋಡೂಣು."

ಆ ನಾಳೆ ಎಷ್ಟು ಸಲ ಆಯಿತು ಅಂದರೆ, ನಾನು ಬೆರಳು ಮಡಚುತ್ತ ಕೂತೆ. ಹತ್ತು ದಿನ ಹೋದವು. ಹದಿನೈದು ಹೋದವು. ಅತ್ತೆಗೆ ಹೇಳಿದೆ, "ಒಂದ ತಾಸಿನ ಮಟ್ಟಿಗೆ ತರಾಕ ಹೇಳ್ರಿ ಅಮ್ಮಾ." ಅವರು ತಸ್ಬೀಯ ಮಣಿ ಎಣಿಸುತ್ತ, "ಅವನ ಕೆಲಸಾ ಕೆಡಸಬ್ಯಾಡ, ಈಗ ಮನಿ ನಡಸಾಂವ ಅವನ ಒಬ್ಬ" ಅಂದರು. ತವರಿಗೆ ಫೋನು ಮಾಡಿ ನಮ್ಮ ಅಣ್ಣನನ್ನು ಅಂಗಡಿಗೆ ಕಳಿಸೋಣ ಅಂದುಕೊಂಡೆ. ಅವನೂ ಗಂಡಸೇ, ಅವನ ಕೈಗೂ ಅದೇ ಪಾಸ್‌ವರ್ಡು ಕೊಡಬೇಕು. ಒಡಹುಟ್ಟಿದವನಾದರೂ ಆ ಫೋಟೋಗಳನ್ನು ನೋಡುವುದು ಬೇಡವಾಗಿತ್ತು. ಒಂದು ಸಲ, ಅಳಿಸಿ ಇಪ್ಪತ್ತಾರನೆಯ ದಿನ ಇರಬೇಕು, ಮೈದುನ ಬಾಗಿಲಲ್ಲಿ ಚಪ್ಪಲಿ ಬಿಡುವ ಸಪ್ಪಳ ಕೇಳಿ ಪರದೆಯ ತನಕ ಎದ್ದು ಬಂದೆ. ಹೇಳಿಬಿಡಬೇಕು ಅಂತಲೇ ಬಂದೆ. ಅವನು ಅತ್ತೆಗೆ ಯಾವುದೋ ಗಿರಾಕಿಯ ಹೆಂಡತಿಯ ಬಗ್ಗೆ, ಅವಳ ಫೋನಿನಲ್ಲಿ ತಾನು ಏನು ನೋಡಿದೆ ಅನ್ನುವುದನ್ನು ನಗುತ್ತ ಹೇಳುತ್ತಿದ್ದ. ನಾನು ತಿರುಗಿ ಹೋಗಿ ಕೂತೆ.

ಮೂವತ್ತು ದಿನ ಆಯಿತು. ಅದಾದ ಎರಡನೇ ದಿನವೋ ಮೂರನೇ ದಿನವೋ ಅವನು ಆಚೆಯಿಂದ ಹೇಳಿದ, "ಭಾಬಿ, ಪಾಸ್‌ವರ್ಡ್ ಬ್ಯಾಡಾತು ನೋಡ್ರಿ. ತಾನ ಖಾಲಿ ಆತು. ಜಾಗಾ ಮಸ್ತ್ ಆಗೇತಿ ಈಗ."

ಅತ್ತೆ ಅವನಿಗೆ ಚಹಾ ಕೊಟ್ಟರು. ಅವನು ಕಪ್ಪಿನಿಂದ ಬಸಿಗೆ ಸುರುವಿಕೊಂಡು ಸುರ್ ಅಂತ ಕುಡಿಯುವುದು ಕೇಳಿಸುತ್ತಿತ್ತು. ಆ ಸಪ್ಪಳವನ್ನು ನಾನು ಯಾವತ್ತೂ ಕ್ಷಮಿಸುವುದಿಲ್ಲ. ಅದು ನ್ಯಾಯವಲ್ಲ ಅಂತ ಗೊತ್ತು.

ಇದ್ದತ್ತು ಮುಗಿದ ದಿನ ಸ್ನಾನ ಮಾಡಿ, ಬುರ್ಖಾ ಹಾಕಿಕೊಂಡು, ಯಾರನ್ನೂ ಕೇಳದೆ ಅಂಗಡಿಗೆ ನಡೆದೆ. ಎಣ್ಣೆ ಕೈಯ ಗುರುತು ಕಂಪ್ಯೂಟರಿನ ಕೀಲಿಗಳ ಮೇಲೆಲ್ಲ ಮೆತ್ತಿತ್ತು. 'ಮನಿ' ಅನ್ನುವ ಹೆಸರು ಹಾಗೇ ಇತ್ತು. ಒತ್ತಿದರೆ ಬಿಳಿ. ಪಂಪುಗಳು ಮಾತ್ರ ಸಾಲಾಗಿ, ಒಂದೂ ತಪ್ಪದೆ ಕೂತಿದ್ದವು. ಎಲ್ಲ ಹೊಲಗಳಿಗೂ ನೀರು ಹೋಗುತ್ತಿತ್ತು. ಆಟೋ ತರಿಸಿ ಕಂಪ್ಯೂಟರನ್ನು ಮನೆಗೆ ಹಾಕಿಸಿಕೊಂಡು ಬಂದೆ. ಮೈದುನ, "ಹೇಳಿದ್ರ ನಾನ ತರ್ತಿದ್ನಲ್ರಿ" ಅಂದ. ಹುಬ್ಬಳ್ಳಿಯ ರಿಪೇರಿಯವನೊಬ್ಬನಿಗೆ ತೋರಿಸಿದೆ. ಖಾಲಿಯಾದ ಜಾಗದ ಮೇಲೆ ಹೊಸ ಫೋಟೋಗಳು ತುಂಬಿದ್ದಾವೆ, ಇನ್ನು ಬರುವುದಿಲ್ಲ ಅಂದ. ಹೊಸ ಫೋಟೋ ಅಂದರೆ ಪಂಪು.

ಆಮೇಲೆ ಒಂದು ಬೆಳಿಗ್ಗೆ ಪಾಸ್‌ವರ್ಡು ಹಾಕಿ ಇನ್ನೊಂದು ಕೋಣೆ ತೆಗೆದೆ. ಎಲ್ಲ ಇದ್ದವು. ಮೈದುನನ ಕೈ ಅಲ್ಲಿಗೆ ಮುಟ್ಟಿರಲಿಲ್ಲ. ಕಾಣದಿದ್ದದ್ದಕ್ಕೇ ಉಳಿದಿದ್ದವು. ನಾನು, ನಾನು, ನಾನು. ನಗುವ ನಾನು, ಹಲ್ಲುಜ್ಜುವ ನಾನು, ಸಿಟ್ಟಿನಿಂದ ಕೈ ಅಡ್ಡ ಹಿಡಿದ ನಾನು. ಒಂದರಲ್ಲಾದರೂ ಅವರಿರಬಹುದು ಅಂತ ಕನ್ನಡಿ ಹುಡುಕಿದೆ, ಕಿಟಕಿಯ ಗಾಜು ಹುಡುಕಿದೆ, ನೆರಳು ಹುಡುಕಿದೆ. ಇರಲಿಲ್ಲ. ಅಷ್ಟು ಜಾಣತನದಿಂದ ಹೊಡೆದಿದ್ದರು. ಅವತ್ತು ಅವರ ಮೇಲೆ ಬಂದಷ್ಟು ಸಿಟ್ಟು ಅವರು ಬದುಕಿದ್ದಾಗ ಒಂದು ದಿನವೂ ಬಂದಿರಲಿಲ್ಲ. ತಮ್ಮನಿಗೆ ಎರಡು ಮಾತು ಬೈದಿದ್ದರೆ ಈ ಬೀಗವೇ ಬೇಕಿರಲಿಲ್ಲ.

ಅತ್ತೆ ಹಿಂದೆ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ. ಮೊದಲ ಸಲ ಅವರು ಕಂಪ್ಯೂಟರಿನ ಪರದೆಯ ಕಡೆಗೆ ತಾವಾಗಿ ನೋಡುತ್ತಿದ್ದರು. "ಅವನದೊಂದು ತೋರಸು" ಅಂದರು. "ಕಣ್ಣ ಮುಚ್ಚಿದ್ರ ಮಾರಿ ಬರವಲ್ದು. ಸಣ್ಣಾಂವ ಇದ್ದಾಗಿಂದು ಬರ್ತೈತಿ, ದೊಡ್ಡಾಂವ ಆದದ್ದು ಬರವಲ್ದು."

"ಇಲ್ಲ ಅಮ್ಮಾ. ಎಲ್ಲಾ ಹೋಗ್ಯಾವ."

"ಪಾಸ್‌ವರ್ಡ್ ಸಿಕ್ಕಿದ್ರ ಉಳೀತಿದ್ವಂತ. ನಿನ್ನ ಮೈದುನ ಹೇಳಿದಾ."

ಸುಮ್ಮನಿರಬಹುದಾಗಿತ್ತು. "ನನಗ ಗೊತ್ತಿತ್ತು" ಅಂದೆ. "ಬೇಕಂತ ಹೇಳಲಿಲ್ಲ." ಯಾಕೆ ಅನ್ನುವುದನ್ನೂ ಹೇಳಿದೆ. ಬೈಯಲಿ, ಹೊಡೆಯಲಿ, ನನ್ನ ಮಗನ ಮುಖ ನೀನು ನುಂಗಿದೆ ಅನ್ನಲಿ ಅಂತ ಕಾದೆ. ನನಗೆ ಅದು ಬೇಕಾಗಿತ್ತು.

ಅವರು ನನ್ನ ತಲೆಯ ಮೇಲೆ ಕೈ ಇಟ್ಟರು. "ಛಲೋ ಮಾಡ್ದಿ ಬೇಟಾ. ಮನಿ ಮರ್ಯಾದಿ ಉಳಿಸ್ದಿ."

ಹದಿನಾಲ್ಕು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಆ ಕೈಯನ್ನು ತಲೆಯ ಮೇಲಿಂದ ತೆಗೆದು ಕೆಳಗಿಟ್ಟೆ. "ಏನ್ ಉಳಿಸೇನಿ ನೋಡ್ರಿ" ಅಂತ ಕುರ್ಚಿ ಎಳೆದು ಅವರನ್ನು ಕೂರಿಸಿ, ಒಂದೊಂದನ್ನೂ ದೊಡ್ಡದು ಮಾಡಿ ತೋರಿಸಿದೆ. ಕೆರೆಯ ದಂಡೆ, ಮಾಳಿಗೆ, ಅಡಿಗೆಮನೆ. ಅವರು ಮುಖ ತಿರುಗಿಸಲಿಲ್ಲ. ಕೊನೆಯ ತನಕ ನೋಡಿದರು. ಮಗ ಇದ್ದಾನೇನೋ ಅಂತ ಅವರೂ ಹುಡುಕುತ್ತಿದ್ದರು ಅಂತ ನನಗೆ ಆಮೇಲೆ ಅನ್ನಿಸಿತು.

"ಅಳಿಸಿ ಬಿಡು ಇವನ್ನ" ಅಂದರು. "ಯಾರರ ನೋಡ್ಯಾರು."

"ನೋಡಾವರು ಹೋದ್ರು ಅಮ್ಮಾ. ಅಳಸಂಗಿಲ್ಲ."

"ನಾ ಹೇಳಾಕತ್ತೇನಿ."

"ಕೇಳಿಸ್ತು. ಅಳಸಂಗಿಲ್ಲ."

ಅವರು ಎದ್ದು ಹೋದರು. ಎರಡು ದಿನ ಮಾತಾಡಲಿಲ್ಲ, ನನ್ನ ಜೊತೆ ಮಾತ್ರ. ಮಗನ ಜೊತೆ ಮಾತಾಡಿದ್ದಾರೆ. ಯಾಕೆಂದರೆ ಮೂರನೇ ದಿನ ಮೈದುನ ಕಂಪ್ಯೂಟರು ಒಯ್ಯಲು ಬಂದವನು, ಬಾಗಿಲಲ್ಲಿ ನಿಂತು ನನ್ನನ್ನು ಹೊಸದಾಗಿ ನೋಡುವವನ ಹಾಗೆ ನೋಡಿದ. ಬಚ್ಚಿಟ್ಟದ್ದು ಏನು ಅಂತ ಅವನಿಗೆ ಈಗ ಗೊತ್ತಿತ್ತು. ಗೊತ್ತಾಗಬಾರದು ಅಂತ ನಾನು ಕೊಟ್ಟ ಬೆಲೆ ಅವನಿಗೆ ಗೊತ್ತಿರಲಿಲ್ಲ.

"ಮೋಟಾರಿನವು ಎಲ್ಲಾ ಪೆನ್‌ಡ್ರೈವ್‌ನ್ಯಾಗ ಹಾಕೇನಿ, ಒಯ್ರಿ" ಅಂದೆ. "ಕಂಪ್ಯೂಟರ್ ಇಲ್ಲೇ ಇರ್ತೈತಿ."

"ಬರೇ ನಿಮ್ಮ ಫೋಟೋ ಇಡಾಕ ಇಷ್ಟ ದೊಡ್ಡ ಕಂಪ್ಯೂಟರ್ ಬೇಕೇನ್ರಿ ಭಾಬಿ?"

"ಬೇಕು" ಅಂದೆ. "ಪಾಸ್‌ವರ್ಡ್ ಬದಲ ಮಾಡೇನಿ. ಕೇಳಾಕ ಬರಬ್ಯಾಡ್ರಿ."